ಸೀಬೆಕಾಯಿಗಾಗಿ ಅಣ್ಣ ಹಾಕಿಸಿದ ಕ್ಲಿಪ್ಪು

ನಮ್ಮಣ್ಣನ ಬಾಯಲ್ಲಿ ಹಲ್ಲಿಗೇನೂ ಬರವಿಲ್ಲ. ಅಷ್ಟೂ ಇವೆ, ಗಟ್ಟಿಯಾಗಿಯೂ ಇವೆ. ಆದರೆ ಜಮೀನು ಪಾಲಾದ ಮೇಲೆ ಮುಖ ನೋಡದ ದಾಯಾದಿಗಳ ಹಾಗೆ, ಮುಂದಿನ ಮೇಲ್ಸಾಲೂ ಕೆಳಸಾಲೂ ಅವನಿಗೆ ಐವತ್ತು ದಾಟಿದರೂ ಒಂದನ್ನೊಂದು ಮುಟ್ಟಿರಲಿಲ್ಲ! ಎಷ್ಟು ಬಿಗಿಯಾಗಿ ಹಲ್ಲು ಕಚ್ಚಿದರೂ ನಡುವೆ ಒಂದು ಕಿಟಕಿ. ಚಿಕ್ಕಂದಿನಲ್ಲಿ ಹೊತ್ತುಗೊತ್ತಿಲ್ಲದೆ ಹೆಬ್ಬೆಟ್ಟು ಚೀಪಿದ್ದರ ಫಲವೆಂದು ಅಮ್ಮ ಗೊಣಗುತ್ತಿದ್ದಳು.

ಇಂಥವನು ಒಂದು ದಿನ ಬ್ರೂಕ್‌ಫೀಲ್ಡಿನ ನನ್ನ ಕರ್ಟನ್ ಅಂಗಡಿಗೆ ನುಗ್ಗಿದ.

"ನಡಿಯೇ, ಡಾಕ್ಟ್ರ ತಾವ ಓಗಣ. ಕ್ಲಿಪ್ ಆಕುಸ್ಬೇಕು."

"ಯಾರಿಗಣ್ಣ, ಮೊಮ್ಮಗಳಿಗಾ?"

"ನಂಗೇ ಕಣೇ!"

"ಈ ವಯಸ್ಸಲ್ಲಿ? ಯಾಕೆ?"

"ಸೀಬೆಕಾಯಿ ಕಚ್ಬೇಕು."

ನಗಬೇಡಿ. ಮಹದೇವಪುರದಲ್ಲಿ ನಮ್ಮ ಸೀಬೆ ತೋಟವಿದ್ದ ಜಾಗದಲ್ಲಿ ಈಗ ಹುಡುಗಿಯರು ಬಾಡಿಗೆಗಿರುವ ಅಣ್ಣನ ಪಿ.ಜಿ. ಕಟ್ಟಡವಿದೆ. ಒಂದೇ ಒಂದು ಮರ ಉಳಿಸಿ, ಅದಕ್ಕೋಸ್ಕರ ಪಾರ್ಕಿಂಗನ್ನೇ ಸೊಟ್ಟಗೆ ಕಟ್ಟಿಸಿದ ಪುಣ್ಯಾತ್ಮ! ಚಿಕ್ಕವರಿದ್ದಾಗ ಅದೇ ಮರದ ಕೆಳಗೆ ನಾವು ಕಾಗೆ ಎಂಜಲು ಮಾಡುತ್ತಿದ್ದೆವು. ಕಾಯಿಗೆ ಬಟ್ಟೆಯ ಅಂಚು ಮುಚ್ಚಿ, ಮೇಲಿಂದ ಕಚ್ಚಿ ಮುರಿದರೆ ಎಂಜಲಾಗುವುದಿಲ್ಲ, ಹಂಚಿಕೊಂಡು ತಿನ್ನಬಹುದು. ಅಣ್ಣ ಕಚ್ಚಿದರೆ ಬಟ್ಟೆ ಒದ್ದೆಯಾಗುತ್ತಿತ್ತೇ ಹೊರತು ಕಾಯಿ ಮುರಿಯುತ್ತಿರಲಿಲ್ಲ. ಹಾಗಾಗಿ ಮರ ಹತ್ತಿ ಕೀಳುವವನು ಅವನು, ಕಚ್ಚಿ ಮುರಿಯುವವಳು ನಾನು. ಕಚ್ಚಿದವರಿಗೆ ದೊಡ್ಡ ಪಾಲು ಎಂಬ ಷರತ್ತೂ ನನ್ನದೇ. ನನ್ನ ಮೊದಲ ವ್ಯಾಪಾರ ಅದು!

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ನೋಡಿ, "ಎರಡು ವರ್ಷ ಆಗುತ್ತೆ. ಈ ವಯಸ್ಸಲ್ಲಿ ಗ್ಯಾಪ್ ಪೂರ್ತಿ ಮುಚ್ಚುತ್ತೆ ಅಂತ ಗ್ಯಾರಂಟಿ ಕೊಡಲ್ಲ" ಎಂದರು. ಅಣ್ಣನ ಮುಖ ಸಣ್ಣದಾಯಿತು. ಒಂದು ಹಳೇ ಹೊಲಿಗೆ ಯಂತ್ರದಿಂದ ಅಂಗಡಿ ಎಬ್ಬಿಸಿದವಳು ನಾನು, ಮೊದಲು ಹೇಳಿದ್ದಕ್ಕೇ ಒಪ್ಪುವುದುಂಟೆ?

"ಒಂದು ವರ್ಷಕ್ಕೆ ಮುಗಿಸ್ಕೊಡಿ ಮೇಡಂ. ನಮ್ಮ ಕಡೆಯಿಂದ ಇನ್ನೂ ನಾಕು ಜನ ಬರ್ತಾರೆ."

"ನಾನೇನೋ ಒಪ್ಕೋತೀನಿ. ಅವರ ದವಡೆ ಮೂಳೆ ಒಪ್ಕೋಬೇಕಲ್ಲ?"

ಜೀವಮಾನದಲ್ಲಿ ನಾನು ಸೋತ ಚೌಕಾಸಿ ಅದೊಂದೇ. ನಿಮಗೂ ಒಂದು ಬುದ್ಧಿಮಾತು: ಹಲ್ಲಿನ ಡಾಕ್ಟರ ಹತ್ತಿರ ಮಾತಾಡುವುದೇನಿದ್ದರೂ ಕುರ್ಚಿಯಲ್ಲಿ ಒರಗುವ ಮೊದಲೇ ಮುಗಿಸಿಕೊಳ್ಳಿ. ಬಾಯಿಗೆ ಹತ್ತಿ ಇಟ್ಟ ಮೇಲೆ ನೀವು ಏನಂದರೂ ಅವರಿಗೆ "ಹೂಂ" ಎಂದೇ ಕೇಳಿಸುತ್ತದೆ!

ಕ್ಲಿಪ್ಪಿನ ಜೊತೆಗೆ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಸೇರಿಸಿ ಎಳೆಯಲು ಪುಟಾಣಿ ರಬ್ಬರ್ ಬ್ಯಾಂಡ್ ಕೊಟ್ಟರು. ಅದು ಮುಗಿದ ದಿನ ಅಣ್ಣ ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದ್ದೇನು ಗೊತ್ತೇ? "ಓಟ್ಲಲ್ಲಿ ಸಾಂಬಾರ್ ಪಾರ್ಸಲ್‌ಗೆ ಆಕ್ತಾರಲ್ಲ ಡಾಕ್ಟ್ರೇ, ಅದು ನಡೀತದಾ?"

ಇನ್ನೊಮ್ಮೆ ಮೆಟ್ರೋ ತಪಾಸಣೆಯಲ್ಲಿ ಯಂತ್ರ ಕೀಂಯ್ ಎಂದಿತು. ಅಣ್ಣ ಗಾರ್ಡಿನೆದುರು ದೊಡ್ಡದಾಗಿ ಬಾಯಿ ತೆರೆದು ನಿಂತುಬಿಟ್ಟ. "ಕ್ಲಿಪ್ಪು ಕಣಪ್ಪ, ನೋಡ್ಕೊ!" ಹಿಂದೆ ಮಾರುದ್ದ ಕ್ಯೂ. ಗಾರ್ಡು ಕೈಮುಗಿದ. "ಸಾರ್, ಬಾಯಿ ಮುಚ್ಕೊಳಿ. ಜೇಬಲ್ಲಿರೋ ಬೀಗದ ಕೈ ಗೊಂಚಲು ತೆಗೀರಿ." ಇಡೀ ಪಿ.ಜಿ.ಯ ರೂಮುಗಳ ಕೀಲಿ ಅವನ ಜೇಬಿನಲ್ಲೇ ಇತ್ತು!

ಗಟ್ಟಿ ಪದಾರ್ಥ ಮುಟ್ಟಕೂಡದು ಎಂದಿದ್ದರೂ ಗೌರಿ ಹಬ್ಬಕ್ಕೆ ನಮ್ಮನೆಯ ನಿಪ್ಪಟ್ಟು ಕಡಿದು ಒಂದು ಕ್ಲಿಪ್ ಹಾರಿಸಿಕೊಂಡ. ಡಾಕ್ಟರಮ್ಮ ಬೈದರು. ಅಂದಿನಿಂದ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಪಿ.ಜಿ. ಹುಡುಗಿಯರು ಸೀಬೆಕಾಯಿ ಕಚ್ಚುವುದನ್ನು ಕ್ರಿಕೆಟ್ ನೋಡುವವನ ಹಾಗೆ ನೋಡುತ್ತಿದ್ದ.

"ಅಂಕಲ್, ಕಟ್ ಮಾಡ್ಕೊಡ್ಲಾ?"

"ಬ್ಯಾಡ ಕಣವ್ವ. ಕಾಯ್ತೀನಿ."

ಕೊನೆಗೆ ಕ್ಲಿಪ್ ತೆಗೆಯುವ ದಿನ ಬಂತು. ಡಾಕ್ಟರಮ್ಮ ಅವನ ಮುಂದಿನ ಹಲ್ಲುಗಳ ನಡುವೆ ತೆಳ್ಳನೆಯ ಕಾಗದವಿಟ್ಟು, "ಕಚ್ಚಿ" ಎಂದು ಮೆಲ್ಲಗೆ ಎಳೆದರು. ಕಾಗದ ಬರಲಿಲ್ಲ! ಇನ್ನೂ ಎಳೆದರು. ಹರಿಯಿತೇ ವಿನಾ ಬರಲಿಲ್ಲ. ದಾಯಾದಿಗಳು ಕೊನೆಗೂ ರಾಜಿಯಾಗಿದ್ದರು.

ಆಮೇಲೆ ಅವರು ಹೇಳಿದ ಪಥ್ಯವನ್ನೆಲ್ಲ ನಾನೇ ಕೇಳಿಸಿಕೊಳ್ಳಬೇಕಾಯಿತು. ಅಣ್ಣ ಆಗಲೇ ಆಟೋ ಹತ್ತಿ ಕೂತಿದ್ದ.

ಮರದ ಕೆಳಗೆ ಇಳಿದವನೇ ಕೈಗೆ ಸಿಕ್ಕ ಕಾಯಿ ಕಿತ್ತು, ಪಂಚೆಯ ಅಂಚು ಮುಚ್ಚಿ, ಕಣ್ಣು ಮುಚ್ಚಿ ಕಚ್ಚಿದ. ಕಟಕ್! ಕಾಯಿ ಎರಡಾಯಿತು, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದನ್ನು ನನ್ನ ಕೈಗಿಟ್ಟ.

"ಕಚ್ಚಿದೋರಿಗಲ್ವೇನಣ್ಣ ದೊಡ್ಡ ಪಾಲು?"

"ಅದು ನಿನ್ ಕಾನೂನು. ನಂದು ಬ್ಯಾರೆ. ತಿನ್ನೇ ಸುಮ್ಕೆ."

ಒಂದು ತುಂಡು ಕಚ್ಚಿದೆ. ಕಾಯಿ ಇನ್ನೂ ಬಲಿತಿರಲಿಲ್ಲ, ಬರೀ ಒಗರು. ಅವನು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ. ಅಷ್ಟನ್ನೂ ತಿಂದೆ.