ಜಾಕೆಟ್ಟಿಗಾಗಿ ಹೆಣವಾದದ್ದು

ಮಧುಗಿರಿಯ ಜನ ಇನ್ನು ನಿಶ್ಚಿಂತೆಯಿಂದ ಮಲಗಬಹುದು ಎಂದು ನಾನು ಘೋಷಿಸಿದ್ದು ತಟ್ಟೆ ಇಡ್ಲಿ ತಿನ್ನುತ್ತ. ಬೆಂಕಿ, ಅಪಘಾತ, ಪ್ರವಾಹದಲ್ಲಿ ನೆರವಾಗುವ ಸ್ವಯಂಸೇವಕರಿಗೆ ನಮ್ಮೂರಿನಲ್ಲೇ ತರಬೇತಿ! ಪಾಸಾದವರಿಗೆ ಪ್ರಮಾಣಪತ್ರ, ಜೊತೆಗೆ ಕಿತ್ತಳೆ ಬಣ್ಣದ ಜಾಕೆಟ್ಟು! ಅದನ್ನು ತೊಟ್ಟು ನನ್ನ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಕೂತರೆ ಹೇಗಿರುತ್ತದೆ ಎಂದು ನೆನೆದೇ ಮೈ ಜುಮ್ಮೆಂದಿತು.

"ಮಧುಗಿರೀಲಿ ಪ್ರವಾಹ ಎಲ್ಲಿಂದ ಬತ್ತದ್ರೀ?" ಎಂದಳು ಹೆಂಡತಿ ಸುಜಾತ.

"ಬಂದಾಗ ಗೊತ್ತಾಯ್ತದೆ ನಿಂಗೆ," ಎಂದು ಗಂಭೀರವಾಗಿ ಕೈ ತೊಳೆದೆ.

ಮೊದಲ ದಿನ ಬೆಂಕಿ ಆರಿಸುವ ಪಾಠ. ಕೆಂಪು ಸಿಲಿಂಡರಿನ ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿಯಿಟ್ಟು ಒತ್ತಬೇಕು. ಪಿನ್ ಎಳೆದೆ. ಒತ್ತಿದೆ. ಗುರಿಯಿಡುವುದೊಂದು ಮರೆಯಿತು. ನಮ್ಮ ತರಬೇತುದಾರ ಹನುಮಂತಯ್ಯನವರು ಅಡಿಯಿಂದ ಮುಡಿಯವರೆಗೆ ಬೆಳ್ಳಗಾದರು. ಬೆಂಕಿ ತನ್ನ ಪಾಡಿಗೆ ತಾನು ಉರಿಯುತ್ತಿತ್ತು! ಮಾರನೆಯ ದಿನ ಬೆಟ್ಟದ ಬಂಡೆಯಿಂದ ಹಗ್ಗ ಹಿಡಿದು ಇಳಿಯುವುದು. ಅರ್ಧ ಇಳಿದೆ. ಕೆಳಗೆ ನೋಡಿದೆ. ಅಷ್ಟೇ! ನನ್ನನ್ನು ಇಳಿಸುವುದೇ ಉಳಿದವರಿಗೆಲ್ಲ ಅಂದಿನ ಪಾಠವಾಯಿತು.

ಆದರೂ ನಾನು ಛಲ ಬಿಡಲಿಲ್ಲ. ಸಂಜೆ ಮನೆಯಲ್ಲಿ ಅಭ್ಯಾಸ ಮುಂದುವರಿಯಿತು. ಗಾಯಾಳು, ಸುಜಾತ. ಅವಳನ್ನು ಚಾಪೆಯ ಮೇಲೆ ಮಲಗಿಸಿ, ಪ್ರಥಮ ಚಿಕಿತ್ಸೆಯ ಪಾಠವನ್ನು ಜೋರಾಗಿ ಒಪ್ಪಿಸುತ್ತ ಕೈಕಾಲಿಗೆ ಪಟ್ಟಿ ಸುತ್ತುತ್ತಿದ್ದೆ.

"ಬಿಚ್ರೀ, ಒಲೆ ಮೇಲೆ ಸಾರು ಉಕ್ತಾ ಐತೆ!"

"ಗಾಯಾಳು ಮಾತಾಡಬಾರದು!"

ಸಾರೆಲ್ಲ ಒಲೆಯ ಪಾಲಾಯಿತು.

ಕೊನೆಯ ದಿನ ಬಸ್ ಸ್ಟ್ಯಾಂಡಿನ ಪಕ್ಕದ ಮೈದಾನದಲ್ಲಿ ಅಣಕು ಕಾರ್ಯಾಚರಣೆ. ಬಸ್ಸು ಮಗುಚಿದೆ ಎಂದಿಟ್ಟುಕೊಂಡು ಕೆಲವರು ಗಾಯಾಳುಗಳಾಗಬೇಕು, ಉಳಿದವರು ಕಾಪಾಡಬೇಕು. ಹನುಮಂತಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಪ್ಪ, ಬೆಂಕೀಲೂ ಫೇಲು, ಹಗ್ಗದಾಗೂ ಫೇಲು. ಇದೊಂದು ಉಳ್ಕಂಡೈತೆ. ನೀನು ಹೆಣ. ಸುಮ್ಕೆ ಮಲಿಕ್ಕೊ. ನಾನು ವಿಶಲ್ ಊದೋಗಂಟ ಅಲ್ಲಾಡಿದ್ಯೋ, ಜಾಕೆಟ್ಟಿಲ್ಲ!"

ಹೆಣ! ಇರಲಿ, ಪಾತ್ರ ಯಾವುದಾದರೇನು, ನಿಷ್ಠೆ ಮುಖ್ಯ. ಮುಖಕ್ಕೆಲ್ಲ ಕುಂಕುಮದ ನೀರು ಬಳಿದುಕೊಂಡು, ಕಣ್ಣು ಮುಚ್ಚಿ, ಬಾಯಿ ಅರೆ ತೆರೆದು ಮಲಗಿಬಿಟ್ಟೆ. ನೋಡಲು ಬಂದಿದ್ದ ಸುಜಾತ ಕಡ್ಲೇಕಾಯಿ ಪೊಟ್ಟಣ ಹಿಡಿದು ನನ್ನ ಪಕ್ಕದಲ್ಲೇ ಕೂತಳು. ಹನುಮಂತಯ್ಯನವರು ಆಚೆ ತುದಿಯಲ್ಲಿ ಗಾಯಾಳುಗಳ ಕಡೆ ಹೋದರು.

ಅಷ್ಟರಲ್ಲಿ ಬಸ್ಸೊಂದು ಬಂದು ನಿಂತ ಸದ್ದು. ಹಿಂದೆಯೇ ಒಂದು ದನಿ. ಪಾವಗಡದ ನನ್ನ ಸೋದರತ್ತೆ ನರಸಕ್ಕ! ಆ ಕಡೆ ಯಾರೇ ಸತ್ತರೂ ಹಾಡಿಕೊಂಡು ಅಳುವುದಕ್ಕೆ ಅವಳೇ ಆಗಬೇಕು.

"ಅಯ್ಯಯ್ಯೋ ನಾ ತಂಡ್ರೀ, ನನ್ ತಂದೇ! ಹೋಗ್ಬುಟ್ಯೇನೋ ನಮ್ಮಪ್ಪಾ! ರಾಜ ಇದ್ದಂಗಿದ್ದಲ್ಲೋ! ಊರ್ ಮಿಕ್ಸೀನೆಲ್ಲಾ ತಿರುಗಿಸ್ತಿದ್ದ ಕೈ ಕಣೋ!"

ನನಗೆ ಹಿಗ್ಗೋ ಹಿಗ್ಗು! ಬದುಕಿದ್ದಾಗ ಯಾರೂ ಇಷ್ಟು ಹೊಗಳಿರಲಿಲ್ಲ. ಆದರೆ ಹಾಡು ಮುಂದುವರಿಯಿತು.

"ನನ್ ಮಿಕ್ಸಿ ಇಸ್ಕಂಡೋಗಿ ವರ್ಸಾ ಆತಲ್ಲೋ! ಇನ್ನು ಅದನ್ನ ಯಾರು ಕೊಡ್ತಾರೋ ಮಗನೇ!"

ತಟ್ಟನೆ ಹಾಡು ನಿಂತಿತು. ಸುಜಾತ ಕಣ್ಣಿಗೆ ಬಿದ್ದಿರಬೇಕು.

"ಏನೇ ಇವ್ಳೇ! ಗಂಡ ಸತ್ತು ಬಿದ್ದವ್ನೆ, ಪಕ್ದಾಗೆ ಕುಂತ್ಕಂಡು ಕಡ್ಲೇಕಾಯಿ ತಿಂತೀಯಾ?"

"ಅಯ್ಯೋ, ಸತ್ತಿಲ್ಲ ಕಣಮ್ಮೋ! ಇದು ಸುಮ್ನೆ..."

"ಸುಮ್ನೇನಾ? ಸಾವೂ ಸುಮ್ನೇನೇನೇ ನಿಂಗೆ?"

ಕೈಚೀಲದಿಂದ ಧಪಧಪ ಬಡಿಯುವ ಸದ್ದು. "ರೀ, ಏಳ್ರೀ! ಎದ್ದು ಒಂದು ಮಾತು ಹೇಳ್ರೀ!" ಎಂದು ಸುಜಾತ ಕೂಗಿದಳು.

ಏಳಲೇ? ವಿಶಲ್ ಆಗಿಲ್ಲ. ಒಂದು ಕಡೆ ಕೈಹಿಡಿದ ಹೆಂಡತಿ, ಇನ್ನೊಂದು ಕಡೆ ಕಿತ್ತಳೆ ಜಾಕೆಟ್ಟು. ನಾನು ಅಲ್ಲಾಡಲಿಲ್ಲ!

"ಬಾಯಿಗೊಂದು ತೊಟ್ಟು ನೀರಾದ್ರೂ ಬುಡ್ತೀನಿ," ಎನ್ನುತ್ತ ಅತ್ತೆ ನನ್ನತ್ತ ತಿರುಗಿ, ಅರೆ ತೆರೆದ ಬಾಯಿಗೆ ಬಾಟಲಿ ಬಗ್ಗಿಸಿದಳು. ತೊಟ್ಟಲ್ಲ, ಅರ್ಧ ಬಾಟಲಿ! ನೀರು ನೆತ್ತಿಗೇರಿತು. ಕೆಮ್ಮುತ್ತ ಎದ್ದು ಕೂತು, ಕುಂಕುಮ ಸೋರುವ ಮುಖದಲ್ಲಿ "ಅತ್ತೇ..." ಎಂದೆ.

ಅತ್ತೆ ಧೊಪ್ಪನೆ ಬಿದ್ದಳು.

ಇದು ಅಣಕಲ್ಲ, ನಿಜವಾದ ಆಪತ್ತು! ನನ್ನನ್ನು ಎತ್ತಿ ಆಡಿಸಿದ ಅತ್ತೆ! ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ, ಸ್ವಯಂಸೇವಕನಿಗೆ ತಕ್ಕಂತೆ ಗಟ್ಟಿಯಾಗಿ ಕೂಗಿದೆ.

"ಯಾರಾದ್ರೂ ಆಂಬುಲೆನ್ಸ್ ಕರೀರಪ್ಪೋ!"

ಅಣಕು ಕಾರ್ಯಾಚರಣೆಗೆಂದೇ ತರಿಸಿದ್ದ ಆಂಬುಲೆನ್ಸು ನನ್ನ ಬೆನ್ನ ಹಿಂದೆಯೇ ನಿಂತಿತ್ತು.

ಸುಜಾತ ಪೊಟ್ಟಣ ಎಸೆದು ಓಡಿಬಂದಳು. "ಗಾಳಿ ಆಡಕ್ಕೆ ಬುಡ್ರೀ, ಹಿಂದಕ್ಕೋಗಿ!" ಎಂದು ಜನರನ್ನು ಸರಿಸಿದಳು. ಉಸಿರು ನೋಡಿದಳು. ಅತ್ತೆಯ ಕಾಲೆತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಯಾರೋ ನೀರು ತಂದರೆ, "ಗ್ಯಾನ ಇಲ್ದೋರ್ ಬಾಯಿಗೆ ನೀರು ಬುಡಬಾರ್ದು!" ಎಂದು ತಡೆದಳು. ಸಾರು ಉಕ್ಕಿಸಿಕೊಂಡು ಚಾಪೆಯ ಮೇಲೆ ಕೇಳಿದ ಪಾಠವೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಕೊನೆಗೆ ಅತ್ತೆ ಕಣ್ಣು ಬಿಟ್ಟು ನನ್ನನ್ನು ದಿಟ್ಟಿಸಿದಳು.

"ನನ್ ಮಿಕ್ಸಿ ಎಲ್ಲೋ?"

ಹೋದ ಜೀವ ಬಂದಂತಾಯಿತು! ಓಡಿಬಂದು ಎಲ್ಲ ನೋಡಿದ್ದ ಹನುಮಂತಯ್ಯನವರು ಸುಜಾತಳತ್ತ ತಿರುಗಿ, "ನಮ್ಗೆ ಬೇಕಾಗಿದ್ದೋಳು ನೀನು ಕಣಮ್ಮ!" ಎಂದರು.

ಮುಂದಿನ ತರಬೇತಿಯಲ್ಲಿ ಸುಜಾತ ಪಾಸಾದಳು. ಕಿತ್ತಳೆ ಜಾಕೆಟ್ಟು ಈಗ ನಮ್ಮ ಮನೆಯಲ್ಲೇ ಇದೆ. ಒಗೆದು ಒಣಹಾಕುವ ಭಾಗ್ಯ ನನ್ನದು. ನನಗೂ ಬೇಡಿಕೆ ಕಡಿಮೆಯೇನಿಲ್ಲ. ಶಿರಾ ಇರಲಿ, ಕೊರಟಗೆರೆ ಇರಲಿ, ಎಲ್ಲಿ ಅಣಕು ನಡೆದರೂ ಹೆಣಕ್ಕೆ ನನ್ನನ್ನೇ ಕರೆಯುತ್ತಾರೆ. ಮೊನ್ನೆ ಧೈರ್ಯ ಮಾಡಿ, "ಗಾಯಾಳು ಪಾತ್ರಾನಾದ್ರೂ ಕೊಡಿ ಸಾರ್," ಎಂದು ಹನುಮಂತಯ್ಯನವರನ್ನು ಕೇಳಿದೆ.

"ಗಾಯಾಳು ಅಂದ್ರೆ ನರಳಬೇಕಪ್ಪ, ಅದೂ ಒಂದು ಕೆಲ್ಸ," ಎಂದರು. "ನಿನ್ ಕೈಲಾಗಲ್ಲ ಬುಡು!"