ದಕ್ಷಿಣ ಧ್ರುವದ ಪಂಚೆ ಮತ್ತು ನಮ್ಮ ಭಾವ

ಅಡಿಲೇಡಿನ ಗ್ಲೆನೆಲ್ಗ್ ಕಡಲತೀರದಲ್ಲಿ ಹಿಮ ಎತ್ತುವ ಸಲಿಕೆ ಇಟ್ಟುಕೊಂಡಿರುವ ಏಕೈಕ ಮನುಷ್ಯ ನಮ್ಮ ಭಾವ! ಅಲ್ಲಿ ಹಿಮ ಬಿದ್ದದ್ದನ್ನು ಕಂಡವರು ಯಾರು? ಯಾರೂ ಇಲ್ಲ. ಸಲಿಕೆ ಮಾತ್ರ ಬಾಗಿಲ ಹಿಂದೆ ಸದಾ ಸಿದ್ಧ.

ಸಂಬಳ ಕೊಡುವುದು ಸಾಫ್ಟ್‌ವೇರು, ಧ್ಯಾನವೆಲ್ಲ ಅಂಟಾರ್ಕ್ಟಿಕಾದ ಮೇಲೆ. "ಭಾವ, ಈ ಪೋಲಾರ್ ವೋರ್ಟೆಕ್ಸ್ ಅಂದ್ರೇನು?" ಎಂದು ಒಮ್ಮೆ ಕೇಳಿಬಿಟ್ಟೆ. ನೀವು ಕೇಳಬೇಡಿ.

"ದಕ್ಷಿಣ ಧ್ರುವ ಉಟ್ಕೊಂಡಿರೋ ಪಂಚೆ ಕಣಯ್ಯಾ! ಆ ಸುತ್ತುಗಾಳಿ ಬಿಗಿಯಾಗಿದ್ರೆ ಚಳಿ ಒಳಗೇ ಇರತ್ತೆ. ಗಂಟು ಸಡಿಲ ಆಯ್ತೋ, ಜಾರಿ ನಮ್ಮ ಮೇಲೇ!"

"ಮೊದ್ಲು ನಿಮ್ಮ ಪಂಚೆ ಎತ್ತಿ ಕಟ್ಕೊಳ್ಳಿ, ನೆಲ ಗುಡಿಸ್ತಿದೆ," ಎಂದಳು ಅಕ್ಕ, ಕಾರಿನ ಕೀ ಹುಡುಕುತ್ತಾ. ಅವಳು ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಬೆಳಕು ಹರಿಯುವ ಮುನ್ನ ಹೊರಡಬೇಕು.

ಒಂದು ಜುಲೈನಲ್ಲಿ, ಅಲ್ಲಿನ ಚಳಿಗಾಲದಲ್ಲಿ, ನಾನು ರಜೆಗೆ ಹೋಗಿದ್ದಾಗ, "ಶನಿವಾರ ಆರ್ವೋ, ಅಂದ್ರೆ ಮಧ್ಯಾಹ್ನ, ಗುಡ್ಡದ ಮೇಲೆ ಹಿಮ ಗ್ಯಾರಂಟಿ" ಎಂದು ಭಾವ ಕನ್ನಡದವರಿಗೆಲ್ಲ ಸಾರಿದರು. ಸಂಸಾರಗಳು ಹೊಸ ಜಾಕೆಟ್ ತೊಟ್ಟು ಗುಡ್ಡ ಹತ್ತಿದವು. ಎಂಥ ಬಿಸಿಲು ಅಂತೀರಿ! "ಡ್ಯಾಡ್, ಐ ಆಮ್ ಮೆಲ್ಟಿಂಗ್!" ಎಂದಳು ಅವರ ಮಗಳು. ನನ್ನ ಸಲಹೆ ಕೇಳಿ: ಜಾಕೆಟ್ ಕೊಳ್ಳುವುದಿದ್ದರೆ ಭಾವನ ಭವಿಷ್ಯ ಸುಳ್ಳಾದ ಮರುದಿನ ಕೊಳ್ಳಿ. ನನಗೆ ಎರಡು ಅರ್ಧ ಬೆಲೆಗೇ ಸಿಕ್ಕವು!

ದೂರದ ಪರ್ತ್‌ನಲ್ಲಿ, ವಿಲೆಟನ್‌ನ ನನ್ನ ಮನೆಯಲ್ಲೂ ಬಿಡುಗಡೆಯಿಲ್ಲ. ಚಳಿಗಾಲ ಪೂರ್ತಿ ಭಾವನ ಫೋನು.

"ಕಿಟಕಿ ತೆಗಿ. ಗಾಳಿ ಹೇಗಿದೆ?"

"ಭಾವ, ಇಲ್ಲಿನ್ನೂ ಕತ್ತಲೆ!"

"ಕತ್ತಲೆ ಯಾರು ಕೇಳಿದ್ರು? ಗಾಳಿ ಹೇಳು."

ಪುಕ್ಕಟೆ ಕೆಲಸ ನನ್ನ ಜಾಯಮಾನಕ್ಕೆ ಒಗ್ಗದು. ಚೌಕಾಸಿಗೆ ಇಳಿದೆ: ತಿಂಗಳಿಗೊಂದು ಡಬ್ಬಿ ಚಟ್ನಿಪುಡಿ ಬಂದರೆ ಮಾತ್ರ ಕಿಟಕಿ ತೆಗೆಯುತ್ತೇನೆ. ಭಾವ ತಕ್ಷಣ ಒಪ್ಪಿದರು. ಛೆ, ಎರಡು ಡಬ್ಬಿ ಕೇಳಬಹುದಿತ್ತು!

ಈ ವರ್ಷ ಕೇಳಿಯೇಬಿಟ್ಟೆ: "ನಿಮ್ಮೂರಿನ ಹಿಮಕ್ಕೆ ನನ್ನ ಕಿಟಕಿ ಯಾಕೆ ಭಾವ?"

"ನಿಮ್ಮಲ್ಲಿಗೆ ಬಂದ ಚಳಿ ಎರಡು ದಿನಕ್ಕೆ ಇಲ್ಲಿಗೆ ಬರತ್ತೆ." ದನಿ ಇಳಿಯಿತು. "ನಾವಿಲ್ಲಿಗೆ ಬಂದ ಮೊದಲ ಚಳಿಗಾಲ, ಗುಡ್ಡದ ತಿರುವಲ್ಲಿ ಐಸ್ ಮೇಲೆ ನಿಮ್ಮಕ್ಕನ ಕಾರು ಜಾರ್ತು. ಒಂದು ಮರ ತಡೀತು. ನಿಂಗೆ ಹೇಳ್ಬೇಡಿ ಅಂದಿದ್ಳು."

ಫೋನ್ ಹಿಡಿದೇ ಹೋಗಿ ಕಿಟಕಿ ತೆಗೆದೆ.

ನಿನ್ನೆ ನನ್ನ ಕಿಟಕಿ ತಾನಾಗಿಯೇ ಬಡಿದುಕೊಂಡಿತು. ಭಾವನಿಗೆ ಕಾಯದೆ ನಾನೇ ಫೋನ್ ಮಾಡಿದೆ.

"ಭಾವ, ಗಾಳಿ ದಕ್ಷಿಣದ್ದು, ಮೂಳೆ ಕೊರೀತಿದೆ. ನಾಡಿದ್ದು ಅಕ್ಕನ್ನ ಒಬ್ಬಳನ್ನೇ ಕಳಿಸ್ಬೇಡಿ."

"ಇಲ್ಲ ಕಣಯ್ಯಾ, ನಾನೂ ಹೋಗ್ತೀನಿ. ಚಟ್ನಿಪುಡಿ ಇವತ್ತೇ ಕಳಿಸ್ತೀನಿ."

"ಚಟ್ನಿಪುಡಿ ಬೇಡ ಭಾವ," ಎಂದೆ. "ಸಲಿಕೆ ಕಾರಲ್ಲಿಟ್ಕೊಳ್ಳಿ."