ಮೂರೂವರೆ ಟನ್ ಎಳೆಯುವ ಗಂಡಸು

ನನಗೆ ಟೋಪಿ ಹಾಕುವ ಮಾರಾಟಗಾರ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮೂರು ಟ್ಯಾಮ್‌ವರ್ತ್‌ಗೆ ಬಂದಿಲ್ಲ. ಬಂದಿದ್ದರೂ ನನ್ನ ಅಂಗಡಿಯ ಮುಂದೆ ಹಾಯುವಾಗ ತಲೆ ತಗ್ಗಿಸಿಕೊಂಡೇ ಹೋಗಿರುತ್ತಾನೆ! ಹಳೆಯ ಫ್ರಿಜ್ಜು, ಹಳೆಯ ಸೋಫಾ, ಹಳೆಯ ವಾಷಿಂಗ್ ಮಷೀನು ಮಾರಿ ತಲೆ ನೆರೆಸಿಕೊಂಡವನು ನಾನು. ಜನ ಹುಚ್ಚಿಗೆ ಬಿದ್ದು ಹೊಸದನ್ನು ಕೊಳ್ಳುತ್ತಾರೆ, ಹುಚ್ಚು ಇಳಿದ ಮೇಲೆ ಅರ್ಧ ಬೆಲೆಗೆ ನನಗೆ ತಂದು ಸುರಿಯುತ್ತಾರೆ. ಆ ಹುಚ್ಚಿನ ಅಡಿಪಾಯದ ಮೇಲೇ ನಮ್ಮ ಮನೆ ಎದ್ದು ನಿಂತಿದೆ. ಇಂಥ ನಾನು ಒಂದು ಕ್ಯಾಂಪರ್ ಟ್ರೇಲರನ್ನೂ ಅದನ್ನು ಎಳೆಯಲೊಂದು ಗಾಡಿಯನ್ನೂ ಆರಿಸಲಾರೆನೇ?

ಅದಕ್ಕೆಲ್ಲ ಕಾರಣ ಯಾರದೋ ಮಂಡಿ.

ಸಮುದ್ರದ ದಂಡೆಯ ಕ್ಯಾಂಪ್ ಮೈದಾನದಲ್ಲಿ ಮುಂದಿನ ಸಾಲಿನ ಜಾಗವೆಂದರೆ ಸಿಂಹಾಸನವಿದ್ದಂತೆ. ಟೆಂಟಿನಿಂದ ಕಾಲು ಹೊರಗಿಟ್ಟರೆ ಮರಳು, ಇನ್ನೊಂದು ಹೆಜ್ಜೆಗೆ ನೀರು. ಈಸ್ಟರ್ ಬಂತೆಂದರೆ ಅಜ್ಜ ಗೂಟ ಹೊಡೆದಲ್ಲೇ ಮಗ, ಮಗ ಹೊಡೆದಲ್ಲೇ ಮೊಮ್ಮಗ. ಯಾರಾದರೂ ಸಾಯಬೇಕು, ಇಲ್ಲವೇ ಮಂಡಿ ಕೆಡಬೇಕು, ಆಗಲೇ ಜಾಗ ಖಾಲಿ. ನನ್ನ ಹೆಂಡತಿ ರೊವೀನಾ ಹೆಸರು ಬರೆಸಿ ಕಾದಳು, ಕಾದಳು, ಕಾಯುತ್ತಲೇ ಅಜ್ಜಿಯಾದಳು. ಈಸ್ಟರ್ ವ್ಯಾಪಾರ ಕೆಡುತ್ತದೆಂದು ನಾನು ಒಮ್ಮೆಯೂ ಅಂಗಡಿ ಮುಚ್ಚದ ಕಾರಣ ಅವಳು ಸಮುದ್ರವನ್ನು ಹೆಚ್ಚಾಗಿ ಕಂಡದ್ದು ಕ್ಯಾಲೆಂಡರಿನಲ್ಲೇ. ಈ ವರ್ಷ ಮುಂದಿನ ಸಾಲಿನಲ್ಲಿ ಒಂದು ಮಂಡಿ ಕೆಟ್ಟಿತು!

"ಪಾಪ, ಯಾರ ಮಂಡಿಯೋ. ದೇವರು ಅವರಿಗೆ ಒಳ್ಳೇದು ಮಾಡ್ಲಿ" ಎಂದು ಅವಳು ಕಣ್ಣೊರೆಸಿಕೊಂಡಳು. ಮರುಗಳಿಗೆಯೇ ದನಿ ಗಟ್ಟಿಯಾಯಿತು. "ಕೇಳು ಬೆವನ್. ಗುಡ್ ಫ್ರೈಡೇ ಸಂಜೆ ನಾಲ್ಕರೊಳಗೆ ನಾವಲ್ಲಿ ಇರಬೇಕು. ಇಲ್ಲಾಂದ್ರೆ ಜಾಗ ಮುಂದಿನೋರ ಪಾಲು. ನಾಲ್ಕೂವರೆ ಅಲ್ಲ, ನಾಲ್ಕು!"

"ಆಯ್ತಲ್ಲ, ಅಂಗಡಿ ಮುಚ್ಚಿದೆ ಅಂತ ತಿಳ್ಕೋ."

"ಒಂದು ಸಣ್ಣ ಟೆಂಟ್ ಇದ್ರೆ ಸಾಕು ಕಣೋ. ನನ್ನ ಕಾರಲ್ಲೇ ಹಿಡಿಸುತ್ತೆ."

"ಟೆಂಟಾ? ಮುಂದಿನ ಸಾಲಲ್ಲಾ? ನಾಲ್ಕು ಜನ ನೋಡಿ ನಗಲ್ವೇನೇ?"

ಹೀಗೆ ನಾನು ಟ್ರೇಲರ್ ಕೊಳ್ಳಲು ಹೊರಟೆ. ಮುಚ್ಚಿದರೆ ಉಕ್ಕಿನ ಪೆಟ್ಟಿಗೆ, ಬಿಚ್ಚಿದರೆ ಬಟ್ಟೆಯ ಅರಮನೆ. ನಾನು ಆರಿಸಿದ್ದು ಮರುಭೂಮಿ ದಾಟುವ ಜಾತಿಯದು. ಚಕ್ರಗಳು ಎಮ್ಮೆಯ ಎತ್ತರ, ಹೊಟ್ಟೆಯಡಿ ನೀರಿನ ತೊಟ್ಟಿ, ಪಕ್ಕದಿಂದ ಜಾರಿ ಹೊರಬರುವ ಅಡುಗೆಮನೆ. ನಾವು ಹೋಗಬೇಕಾದ ದಾರಿಯುದ್ದಕ್ಕೂ ಡಾಂಬರು ಇತ್ತು, ನಿಜ. ಆದರೆ ಡಾಂಬರನ್ನು ನಂಬಲಾದೀತೆ?

ಟ್ರೇಲರ್ ಬಂದ ಮೇಲೆ ಎಳೆಯಲು ಗಾಡಿ ಬೇಡವೆ? ಟ್ರಾಯ್ ಎಂಬ ಮಾರಾಟಗಾರ, ನನ್ನ ಮಗನ ವಯಸ್ಸಿನವನು, ಬೆಟ್ಟದಂಥ ಗಾಡಿಯೊಂದರ ಬಾಗಿಲು ತೆರೆದ. ಗಾಜಿನ ಮೇಲೆ ಕೆಂಪು ದಪ್ಪಕ್ಷರ: ಮೂರೂವರೆ ಟನ್ ಎಳೆಯುತ್ತದೆ!

"ನಿಜವಾಗ್ಲೂ ಎಳೆಯುತ್ತೇನಪ್ಪಾ?"

"ಸರ್, ಚರ್ಚ್‌ಗೆ ಕಟ್ಟಿದ್ರೆ ಚರ್ಚೇ ಹಿಂದೆ ಬರುತ್ತೆ. ಆದ್ರೆ ಚಿಕ್ಕಕ್ಷರದಲ್ಲಿ ಇನ್ನೊಂದು ವಿಷಯ ಇದೆ..."

"ಚಿಕ್ಕಕ್ಷರ ನನಗೆ ಹೇಳ್ಬೇಡ, ಮಗು. ಅದನ್ನ ಬರೆಯೋರ ಪೈಕಿ ನಾನು!"

ಅವನು ಚಿಕ್ಕಕ್ಷರದ ಕಾಗದವನ್ನು ಮಡಚಿಟ್ಟ. ನಾನು ಗೆದ್ದೆ. ಬೆಲೆ ಇಳಿಸಲು ಒಪ್ಪದಿದ್ದರೂ ಬೀಗದ ಕೈಗೊಂದು ತೊಗಲಿನ ಕೀಚೈನನ್ನು ಪುಕ್ಕಟೆ ಕೊಡಿಸಿಕೊಂಡೇ ಬಂದೆ.

ಇನ್ನು ಸಲಕರಣೆ. ಪಕ್ಕದ ಮನೆಯ ಲಿಂಡ್ಸೆ ಬೇಲಿಯ ಮೇಲೆ ಗಲ್ಲ ಊರಿ ನಿಂತು, "ಕಾಂಗರೂ ಅಡ್ಡ ಬಂದ್ರೆ?" ಎಂದ. ಗಾಡಿಯ ಮುಂದೆ ಉಕ್ಕಿನ ಕಟಕಟೆ ಬಂತು. "ಕೆಸರಲ್ಲಿ ಹೂತ್ರೆ?" ಎಂದ. ಎಳೆಯುವ ರಾಟೆ, ಹಲಗೆ, ಸಲಿಕೆ ಬಂದವು. "ಹೊಳೆ ದಾಟೋವಾಗ ಎಂಜಿನ್ ಮುಳುಗಿದ್ರೆ?" ಎಂದ. ಗಾಡಿಗೆ ಆನೆಯ ಸೊಂಡಿಲಿನಂಥ ಉಸಿರಾಟದ ಕೊಳವೆ ಬಂತು. ಜನರೇಟರು, ಬೀಡುಕಬ್ಬಿಣದ ಬಾಣಲೆಗಳು, ರೈಲು ಹಳಿಯಡಿಯ ಹಳೆಯ ದಿಮ್ಮಿ ಕಡಿದ ಸೌದೆ, ಎರಡನೇ ಸ್ಟೆಪ್ನಿಗೆ ಜೊತೆಯಾಗಿ ಮೂರನೆಯದು, ಎಲ್ಲವೂ ಹೊಚ್ಚ ಹೊಸದು! ಸೌದೆಯೊಂದೇ ಹಳೆಯದು.

"ಸಮುದ್ರಕ್ಕೆ ಹೋಗ್ತಿದ್ದೀವೋ, ಯುದ್ಧಕ್ಕೋ?" ಎಂದಳು ರೊವೀನಾ.

"ನಿನಗೆ ಗೊತ್ತಾಗಲ್ಲ, ಸುಮ್ನಿರು. ಮೂರೂವರೆ ಟನ್!"

ಗುಡ್ ಫ್ರೈಡೇ ಬೆಳಗ್ಗೆ ಮೆರವಣಿಗೆ ಹೊರಟಿತು. ಗಾಡಿಯ ಹಿಂಬದಿಗೆ ಕೂರಿಸಿದ ಫ್ರಿಜ್ಜಿನಲ್ಲಿ ಸೀಗಡಿ, ರೊವೀನಾಳ ಮಡಿಲಲ್ಲಿ ಶಿಲುಬೆ ಗುರುತಿನ ಬನ್ನು, ನನ್ನ ಮುಖದಲ್ಲಿ ದಿಗ್ವಿಜಯದ ಕಳೆ. ಏರಿನಲ್ಲಿ ಗಾಡಿ ಏದುಸಿರು ಬಿಟ್ಟಿತು. ಹಿಂಭಾಗ ಕುಸಿದು, ಮೂತಿ ಮೇಲೆದ್ದು, ದೀಪಗಳು ರಸ್ತೆ ಬಿಟ್ಟು ಮೋಡ ನೋಡುತ್ತಿದ್ದವು. "ಹೊಸ ಗಾಡಿ, ಹಾಗೇ ಇರುತ್ತೆ" ಎಂದೆ. ಘಟ್ಟ ಇಳಿದದ್ದೇ ತಡ, ರಸ್ತೆ ತಪಾಸಣೆಯ ಹಳದಿ ಅಂಗಿ ತೊಟ್ಟ ಒಬ್ಬಾಕೆ ಕೈ ಅಡ್ಡ ಹಿಡಿದಳು. ರಜೆಯ ದಿನ ಟ್ರೇಲರ್ ಕಟ್ಟಿಕೊಂಡು ಹೊರಟವರನ್ನೆಲ್ಲ ಪಕ್ಕಕ್ಕೆ ಎಳೆದು ತೂಗುತ್ತಿದ್ದರು.

"ಧಾರಾಳವಾಗಿ ತೂಗಿ! ಮೂರೂವರೆ ಟನ್ ಎಳೆಯೋ ಗಾಡಿ ಇದು" ಎಂದೆ ಗತ್ತಿನಿಂದ.

ಆಕೆ ಚಕ್ರದಡಿ ತೂಗುವ ತಟ್ಟೆ ಇಟ್ಟು ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಎಳೆಯೋದೇನೋ ಎಳೆಯುತ್ತೆ ಸ್ವಾಮಿ. ಹೊರೋದು? ಹೊರೋ ತೂಕ ಬೇರೆ. ಈ ಕಟಕಟೆ, ರಾಟೆ, ಮೇಲಿನ ಮೂಟೆ, ಒಳಗಿನ ಜನ, ಎಲ್ಲಾ ಗಾಡಿ ಬೆನ್ನಿನ ಮೇಲೇ. ಅದರ ಜೊತೆ ಟ್ರೇಲರ್ ತನ್ನ ಮೂತೀನೂ ತಂದು ಅದರ ಮೇಲೇ ಇಟ್ಟಿದೆ. ಇಳಿಸದೆ ಒಂದಡಿ ಮುಂದೆ ಹೋಗೋ ಹಾಗಿಲ್ಲ."

"ಚಿಕ್ಕಕ್ಷರ" ಎಂದಳು ರೊವೀನಾ, ಕಿಟಕಿಯಿಂದಾಚೆ ನೋಡುತ್ತ.

"ತೊಟ್ಟೀಲಿ ನೀರಿದೆಯಾ?" ಎಂದಳು ಹಳದಿ ಅಂಗಿಯಾಕೆ.

"ಕಂಠಮಟ್ಟ!"

"ಎಲ್ಲಿಗೆ ಹೊರಟಿದ್ದೀರಿ?"

"ಸಮುದ್ರಕ್ಕೆ."

ಆಕೆ ತೊಟ್ಟಿಯ ನಲ್ಲಿಯತ್ತ ಬೆರಳು ತೋರಿಸಿದಳು. ನೀರು ಚೆಲ್ಲಿದೆವು. ಸಾಲಲಿಲ್ಲ. ಸೌದೆ ಇಳಿಯಿತು, ಜನರೇಟರು ಇಳಿಯಿತು, ಸಲಿಕೆ, ಬಾಣಲೆ, ಹಲಗೆ, ಸ್ಟೆಪ್ನಿ, ಒಂದೊಂದಾಗಿ ಹುಲ್ಲಿನ ಮೇಲೆ ಸಾಲುಗಟ್ಟಿದವು. ತೂಗಿದರೆ ಇನ್ನೂ ಚೂರು ಹೆಚ್ಚು! ಗಡಿಯಾರ ಓಡುತ್ತಿತ್ತು. ರೊವೀನಾಳ ತುಟಿ ನಡುಗುತ್ತಿತ್ತು. ಅಳುತ್ತಾಳೆಂದುಕೊಂಡೆ. ಅವಳು ಲೆಕ್ಕ ಹಾಕುತ್ತಿದ್ದಳು!

"ಇನ್ನೆಷ್ಟು ಇಳಿಸ್ಬೇಕು?" ಎಂದು ಕೇಳಿದಳು.

"ಒಬ್ಬ ಆಳಿನಷ್ಟು" ಎಂದಳು ಹಳದಿ ಅಂಗಿ. "ಚೆನ್ನಾಗಿ ಉಂಡಿರೋ ಆಳು."

ಇಬ್ಬರು ಹೆಂಗಸರೂ ಒಟ್ಟಿಗೇ ನನ್ನ ಹೊಟ್ಟೆಯತ್ತ ತಿರುಗಿದರು.

"ಫ್ರಿಜ್ ಇಳಿಸೋಣ!" ಎಂದು ಕೂಗಿದೆ.

"ಅದರಲ್ಲಿ ಸೀಗಡಿ ಇದೆ" ಎಂದು ರೊವೀನಾ ಸ್ಟೀರಿಂಗ್ ಹಿಂದೆ ಹೋಗಿ ಕೂತಳು.

"ರೊವೀನಾ, ನೀನು ಟ್ರೇಲರ್ ಎಳ್ಕೊಂಡು ಹೋಗ್ತೀಯಾ? ಅದೇನು ಹುಡುಗಾಟಾನೇ?"

"ನಿನ್ನ ಮಗಳ ಕುದುರೇನ ಶನಿವಾರ ಶನಿವಾರ ಪಂದ್ಯಕ್ಕೆ ಯಾರು ಎಳ್ಕೊಂಡು ಹೋಗ್ತಿದ್ರು ಅನ್ಕೊಂಡಿದ್ದೆ? ಟ್ರೇಲರ್‌ನ ಕುದುರೆ ಎಳೀತಿತ್ತಾ?"

ನಾನು ಆಗ ಅಂಗಡಿಯಲ್ಲಿರುತ್ತಿದ್ದೆ. ಕುದುರೆ ಹೇಗೆ ಹೋಗುತ್ತಿತ್ತೆಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ! ಅವಳು ಒಂದು ಬನ್ನನ್ನು ನನ್ನ ಕೈಗಿಟ್ಟಳು, ಕನ್ನಡಿ ಸರಿಮಾಡಿಕೊಂಡಳು, ಹೊರಟೇಬಿಟ್ಟಳು. ಟ್ರೇಲರ್ ಅವಳ ಹಿಂದೆ ಸಾಕಿದ ನಾಯಿಯಂತೆ ಅತ್ತಿತ್ತ ಓಲಾಡದೆ ಹೋಯಿತು.

ನಾನು ಜನರೇಟರಿನ ಮೇಲೆ ಕೂತು ಬನ್ನು ತಿಂದೆ. ನಾನು ಹೊಸದಾಗಿ ಕೊಂಡ ಸಲಕರಣೆಯೆಲ್ಲ ರಸ್ತೆ ಪಕ್ಕದ ಹುಲ್ಲಿನ ಮೇಲೆ ಹರಡಿತ್ತು. ಆಗ ಒಂದು ಕಾರು ನಿಂತಿತು.

"ಸಲಿಕೆ ಎಷ್ಟು?"

"ಅಯ್ಯಾ, ಇದು ಮಾರೋಕಲ್ಲ! ನಾನು ಪ್ರವಾಸಿ!"

"ಪ್ರವಾಸಿಗೆ ಯಾಕಪ್ಪಾ ಇಷ್ಟೊಂದು ಸಾಮಾನು?" ಎಂದು ಅವನು ನಕ್ಕ. ಅವನ ಹಿಂದೆ ಇನ್ನೊಂದು ಕಾರು ನಿಂತಿತು, ಅದರ ಹಿಂದೆ ಮತ್ತೊಂದು. ನಮ್ಮ ಜನ ಹುಲ್ಲಿನ ಮೇಲೆ ಹರವಿದ ಹಳೇ ಸಾಮಾನು ಕಂಡರೆ ಹೆರಿಗೆಗೆ ಹೊರಟಿದ್ದರೂ ಬ್ರೇಕು ಹಾಕುವವರು. ರಕ್ತ ಬಿಸಿಯಾಯಿತು, ನಾನೂ ಎದ್ದು ನಿಂತೆ. ಬೆಲೆ ಹೇಳಿದರೆ ಎಲ್ಲರದೂ ಒಂದೇ ರಾಗ: "ಹೊಸದೇ ಇರ್ಬಹುದು ಯಜಮಾನ್ರೇ, ಆದ್ರೆ ಪೆಟ್ಟಿಗೆಯಿಂದ ಹೊರಗೆ ಬಂತಲ್ಲ! ಅರ್ಧಕ್ಕೆ ಕೊಡಿ." ಈ ಮಾತನ್ನು ನಾನು ಸಾವಿರ ಸಲ ಆಡಿದ್ದೇನೆ. ಕೇಳಿಸಿಕೊಳ್ಳುವುದು ಇಷ್ಟು ಕಹಿಯೆಂದು ಗೊತ್ತಿರಲಿಲ್ಲ. ಎಲ್ಲವೂ ಅರ್ಧಕ್ಕೇ ಹೋಗಿ, ಕಡೆಗೆ ಜನರೇಟರ್ ಮಾತ್ರ ಉಳಿಯಿತು. ನೊಲೀನ್ ಎಂಬ ಮುದುಕಿ ತನ್ನ ತಗಡಿನಂಥ ಪುಟ್ಟ ಕಾರನ್ನು ನಿಲ್ಲಿಸಿ, ಎಲ್ಲಿಗೆ ಹೊರಟವನೆಂದು ಕೇಳಿ ತಿಳಿದಳು.

"ನಾನೂ ಅದೇ ಕ್ಯಾಂಪ್‌ಗೇ ಹೊರಟಿದ್ದೀನಿ. ಜನರೇಟರ್ ಕೊಟ್ರೆ ನಿನ್ನನ್ನ ಕರ್ಕೊಂಡು ಹೋಗ್ತೀನಿ."

"ಅಮ್ಮಾ, ಇದರ ಬೆಲೆ..."

"ಬೇಡ್ವಾದ್ರೆ ಬಿಡು. ನಡೆದು ಬಾ, ತೆಳ್ಳಗಾಗ್ತೀಯ."

ಕೊಟ್ಟೆ.

ನಾವು ತಲುಪಿದಾಗ ಬಿಸಿಲು ಓರೆಯಾಗಿತ್ತು. ಮುಂದಿನ ಸಾಲಿನ ನಟ್ಟನಡುವೆ ನಮ್ಮ ಅರಮನೆ ಬಿಚ್ಚಿಕೊಂಡು ನಿಂತಿತ್ತು. ಮಡಚು ಕುರ್ಚಿಗಳು ಅರ್ಧಚಂದ್ರಾಕಾರವಾಗಿ ಕೂಡಿದ್ದವು. ಬಿಯರ್ ಹಿಡಿದ ಗಂಡಸರು ರೊವೀನಾ ಒಂದೇ ಸಲಕ್ಕೆ ಟ್ರೇಲರನ್ನು ಹಿಮ್ಮುಖವಾಗಿ ಜಾಗಕ್ಕೆ ಕೂರಿಸಿದ ಕಥೆಯನ್ನು ಒಬ್ಬರಿಗೊಬ್ಬರು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಅವಳು ಮಾತ್ರ ಸೀಗಡಿ ಸುಲಿಯುತ್ತ, ಪಾದಗಳನ್ನು ನೀರಿಗೆ ಬಿಟ್ಟು, ಜಗತ್ತಿನ ಒಡತಿಯಂತೆ ಕೂತಿದ್ದಳು. ಅಷ್ಟು ಚೆಂದದ ಮುಖವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಮಾನ ಉಳಿಸಿಕೊಳ್ಳಲು ನಾನು ಎದೆ ಸೆಟೆಸಿದೆ. "ರೊವೀನಾ, ಎಲ್ಲಾ ಮಾರಿಬಿಟ್ಟೆ ಕಣೇ!"

"ಎಲ್ಲಾನೂ?"

"ಒಂದು ಮೊಳೆ ಬಿಟ್ಟಿಲ್ಲ! ವ್ಯಾಪಾರಿ ಅಂದ್ರೆ ಸುಮ್ನೇನಾ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿ, ಸೀಗಡಿಯ ತಲೆ ಮುರಿದು, ಕುರ್ಚಿಗಳ ಸಾಲಿಗೆಲ್ಲ ಕೇಳುವಂತೆ ಅಂದಳು:

"ಹೌದಾ? ಹಾಗಿದ್ರೆ ಎಲ್ಲಕ್ಕಿಂತ ಭಾರದ ಸಾಮಾನನ್ನ ಅರ್ಧ ಬೆಲೆಗೂ ಯಾರೂ ಕೇಳ್ಲಿಲ್ವಾ?"